ಕೈ ಜಾರಿದ್ದು ಯಾರದು

ಡಿಸೆಂಬರ್ 7, ಭಾನುವಾರ

ಓರಿನ್ ಟ್ಯಾಲ್ಬರ್ಟ್ ಕೊನೆಗೂ ಬೇಸ್‌ಬಾಲಿನ ಮಹಾನ್ ಆಟಗಾರರ ಹಾಲ್ ಆಫ್ ಫೇಮ್‌ಗೆ ಆಯ್ಕೆಯಾದ. ಸಂಜೆ ಟೀವಿಯಲ್ಲಿ ಹೇಳಿದರು. ಹೆಂಡತಿ ಡೀ ಸೋಫಾದಿಂದೆದ್ದು ಖುಷಿಗೆ ಕಿರುಚಿದಳು. ನಾನು ನೆಲಮಾಳಿಗೆಗೆ ಇಳಿದು ಫರ್ನೇಸಿನ ಫಿಲ್ಟರ್ ಬದಲಿಸಿದೆ. ಹೋದ ತಿಂಗಳಷ್ಟೇ ಬದಲಿಸಿದ್ದೆ.

ಮೇಲೆ ಬರುವಷ್ಟರಲ್ಲಿ ಓರಿನ್‌ನ ಫೋನ್ ಬಂದಿತ್ತು. ಡೀ ನನ್ನ ಕೈಗೆ ಕೊಟ್ಟಳು.

"ಲೋ ಗೋಡೆ, ಕೇಳಿಸ್ಕೊಂಡ್ಯಾ?"

ನನ್ನನ್ನು ಆ ಹೆಸರಿನಿಂದ ಕರೆಯುವವನು ಈಗ ಅವನೊಬ್ಬನೇ. ಹನ್ನೊಂದು ವರ್ಷ ಒಂದೇ ತಂಡದಲ್ಲಿ ಅವನು ಪಿಚರ್ ಆಗಿ ಎಸೆದ, ನಾನು ಕ್ಯಾಚರ್ ಆಗಿ ಬ್ಯಾಟ್ಸ್‌ಮನ್ನಿನ ಹಿಂದೆ ಕುಕ್ಕರಗಾಲಲ್ಲಿ ಕೂತು ಹಿಡಿದೆ. ನನ್ನನ್ನು ದಾಟಿ ಏನೂ ಹೋಗುವುದಿಲ್ಲ ಎಂದು ಅವನೇ ಇಟ್ಟ ಹೆಸರು.

"ಕೇಳಿದೆ. ಒಳ್ಳೇದಾಯ್ತು."

"ಜುಲೈನಲ್ಲಿ ಸಮಾರಂಭ. ನೀನೂ ಡೀನೂ ಬರ್ತಿದ್ದೀರ. ಮನೆಯವರ ಸಾಲಲ್ಲಿ ಕೂರ್ತೀರ."

"ಮೊಣಕಾಲು ನೋವು ಕಣೋ. ನೋಡೋಣ."

"ನಿನ್ನ ಮೊಣಕಾಲನ್ನ ಕರೀಲಿಲ್ಲ ನಾನು," ಎಂದು ನಕ್ಕ. ನಾನೂ ನಕ್ಕ ಹಾಗೆ ಮಾಡಿದೆ.

ಊಟ ಸೇರಲಿಲ್ಲ.

ಡಿಸೆಂಬರ್ 9, ಮಂಗಳವಾರ

ಪತ್ರಿಕೆಯ ಹುಡುಗಿಯೊಬ್ಬಳು ಫೋನ್ ಮಾಡಿದಳು. ಹೆಸರು ಪ್ರಿಸಿಲ್ಲಾ ಡನ್. ಧ್ವನಿ ಕೇಳಿದರೆ ಮೂವತ್ತರ ಒಳಗೆ. ನಾಲ್ಕು ಒಳ್ಳೆಯ ಪ್ರಶ್ನೆ ಕೇಳಿ ಐದನೆಯದಕ್ಕೆ ಅಲ್ಲಿಗೇ ಬಂದಳು.

"ಮಿಸ್ಟರ್ ಸ್ಲೊವಿಕ್, ಚಾಂಪಿಯನ್‌ಷಿಪ್‌ನ ಆ ಏಳನೇ, ಕೊನೇ ಪಂದ್ಯದ ಕೊನೇ ಎಸೆತ. ಟ್ಯಾಲ್ಬರ್ಟ್ ಅವರು ಇಷ್ಟು ವರ್ಷ ಕಾಯಬೇಕಾಗಿ ಬಂದಿದ್ದು ಅದರಿಂದಲೇ ಅಂತಾರೆ. ಹತ್ತಿರದಿಂದ ನೋಡಿದ್ದು ನೀವೊಬ್ಬರೇ. ಏನಾಯ್ತು?"

"ಚೆಂಡು ಹೊರಗೆ ಹೋಯ್ತು."

"ಅಷ್ಟೇನಾ?"

"ಅಷ್ಟೇ."

ಇಷ್ಟು ವರ್ಷ ಹೇಳಿದ್ದನ್ನೇ ಮತ್ತೆ ಹೇಳಿದೆ.

ಜನವರಿ 14, ಬುಧವಾರ

ಹಾಲ್ ಆಫ್ ಫೇಮ್ ಇರುವ ಕೂಪರ್ಸ್‌ಟೌನಿನಿಂದ ಆಮಂತ್ರಣ ಬಂತು. ದಪ್ಪ ಕಾಗದ. ಡೀ ಅದನ್ನು ಫ್ರಿಜ್ಜಿನ ಬಾಗಿಲಿಗೆ ಅಂಟಿಸಿದ್ದಾಳೆ. ಹಾಲು ತೆಗೆಯಲು ಹೋದಾಗಲೆಲ್ಲ ಕಣ್ಣಿಗೆ ಬೀಳುತ್ತದೆ.

ಬೆಳಿಗ್ಗೆ ಅವಳು ಅಂಗಡಿಗೆ ಹೋದಾಗ ಡಾಕ್ಟರಿಗೆ ಫೋನ್ ಮಾಡಿ ಎಡ ಮೊಣಕಾಲಿನ ಆಪರೇಷನ್ನಿಗೆ ದಿನ ಕೇಳಿದೆ. ಮಾರ್ಚ್‌ನಲ್ಲಿ ಬೇಕಾದಷ್ಟು ದಿನ ಖಾಲಿ ಇದೆ ಎಂದಳು ಅಲ್ಲಿಯ ಹೆಂಗಸು. ಜುಲೈ ಬೇಕು ಎಂದೆ. ಜುಲೈ ಇಪ್ಪತ್ತೊಂದು ಬರೆದುಕೊಂಡಳು.

ಈಗ ಇದನ್ನೂ ಬರೆದುಬಿಡುತ್ತೇನೆ. ಆಡುವ ಕಾಲದಲ್ಲಿ ಇಂಥದೇ ನೋಟ್‌ಬುಕ್ಕುಗಳಲ್ಲಿ ಎದುರಾಳಿಗಳ ಬಗ್ಗೆ ಬರೆದಿಡುತ್ತಿದ್ದೆ. ಯಾರು ಮೊದಲ ಚೆಂಡಿಗೇ ಬೀಸುತ್ತಾನೆ, ಯಾರಿಗೆ ಒಳಗಿನ ಎಸೆತ ಆಗುವುದಿಲ್ಲ. ನನ್ನ ಬಗ್ಗೆ ಬರೆದಿದ್ದೇ ಇಲ್ಲ.

ಒಂಬತ್ತನೆಯ ಇನ್ನಿಂಗ್ಸ್. ಎರಡೂ ಕಡೆ ಸಮ. ಅವರ ಓಟಗಾರ ಮೂರನೆಯ ಬೇಸಿನಲ್ಲಿ. ನಾನು ಬೆರಳಿನಲ್ಲಿ ಓರಿನ್‌ಗೆ ಫಾಸ್ಟ್ ಬಾಲ್ ಎಂದು ಸನ್ನೆ ಮಾಡಿದೆ. ತಲೆಯಲ್ಲಿ ಮಾತ್ರ ಕರ್ವ್, ಕೊನೆಗೆ ಕೆಳಗೆ ಬಾಗುವ ಎಸೆತ, ಎಂದು ಇತ್ತು. ಕರ್ವ್ ಬರುತ್ತದೆಂದು ಕೆಳಗೆ ಬಾಗಿ ಕೂತೆ. ಅವನು ನಾನು ಕೇಳಿದ್ದನ್ನೇ ಎಸೆದ. ಮೇಲೆ, ನೆಟ್ಟಗೆ. ಹತ್ತು ವರ್ಷದ ಮಗುವೂ ಹಿಡಿಯುತ್ತಿತ್ತು. ನನ್ನ ಗ್ಲೌಸಿನ ಅಂಚಿಗೆ ತಾಗಿ ಹಿಂದಿನ ಬೇಲಿಗೆ ಹೋಯಿತು. ಓಟಗಾರ ಹೋಮ್ ಬೇಸ್ ಮುಟ್ಟಿದ, ಅವರು ಗೆದ್ದರು. ವರ್ಷ ಮುಗಿಯಿತು.

ಸ್ಕೋರರ್ ಅದನ್ನು ವೈಲ್ಡ್ ಪಿಚ್ ಎಂದು ಬರೆದ, ಎಂದರೆ ತಪ್ಪು ಎಸೆದವನದು. ಬಟ್ಟೆ ಬದಲಿಸುವ ಕೋಣೆಯಲ್ಲಿ ಪತ್ರಕರ್ತರು ಓರಿನ್‌ನನ್ನು ಮುತ್ತಿಕೊಂಡರು. "ಕೈ ಜಾರಿತು," ಎಂದ ಅವನು. ನಾನು ಆರಡಿ ದೂರದಲ್ಲಿ ಕೂತು ಶೂ ದಾರ ಬಿಚ್ಚುತ್ತಿದ್ದೆ. ತಲೆ ಎತ್ತಲಿಲ್ಲ.

ಅಷ್ಟೇ. ನಲವತ್ತೆಂಟು ವರ್ಷ.

ಫೆಬ್ರವರಿ 3, ಮಂಗಳವಾರ

ಹಿಮ. ಡ್ರೈವ್‌ವೇಯಲ್ಲಿ ಬಿದ್ದದ್ದನ್ನು ಸಲಿಕೆಯಲ್ಲಿ ಎತ್ತಿ ಹಾಕಿದೆ. ಮೊಣಕಾಲು.

ಫೆಬ್ರವರಿ 20, ಶುಕ್ರವಾರ

ಚರ್ಚಿನ ನೆಲಮಾಳಿಗೆಯಲ್ಲಿ, ಈಸ್ಟರಿಗೆ ಮುಂಚೆ ಮಾಂಸ ಬಿಡುವ ಉಪವಾಸ ಕಾಲದ ಮೊದಲ ಮೀನೂಟ. ಮೀನು, ಕೋಸು ಹಾಕಿದ ನೂಡಲ್ಸ್, ಕಾಗದದ ತಟ್ಟೆ. ಎಲ್ಲರೂ ಓರಿನ್ ವಿಷಯವೇ. ಚೆಸ್ಟರ್ ಬಾಬಿಕ್ ನನ್ನ ಎದುರಿಗೆ ಬಂದು ಕೂತ. ಅವನು ನನ್ನ ಪೇಂಟ್ ಅಂಗಡಿಗೆ ಮೂವತ್ತು ವರ್ಷ ಬಂದ ಗಿರಾಕಿ. ಕೆಟ್ಟವನಲ್ಲ ಎಂದೇ ಅಂದುಕೊಂಡಿದ್ದೆ.

"ಈಗ ಯಾರ್ಯಾರನ್ನೋ ಒಳಗೆ ಬಿಟ್ಕೋತಾರೆ ಬಿಡು," ಎಂದ, ಮೀನಿನ ಮೇಲೆ ನಿಂಬೆ ಹಿಂಡುತ್ತಾ. "ಅವರಿಗೆ ಕೈಯಲ್ಲಿ ಬಲ ಇರುತ್ತೆ ರೂಡಿ, ಇಲ್ಲ ಅನ್ನಲ್ಲ. ಆದ್ರೆ ಕಷ್ಟದ ಹೊತ್ತಲ್ಲಿ ಎದೆ ಇರಲ್ಲ. ಅವರ ಪೈಕಿ ಯಾರಿಗೂ ಇರಲ್ಲ. ನಿನಗೆ ಸಿಗಬೇಕಿದ್ದ ಚಾಂಪಿಯನ್ ಉಂಗುರ ತಿಂದಿದ್ದು ಆ ಕರಿಯನೇ ತಾನೇ?"

ಮೇಜಿನಲ್ಲಿ ಆರು ಜನ ಇದ್ದರು. ಒಬ್ಬಿಬ್ಬರು ತಟ್ಟೆ ನೋಡಿದರು. ನಾನೂ ನನ್ನ ತಟ್ಟೆ ನೋಡಿದೆ.

ಓರಿನ್‌ನ ಹೆಸರಿಗೆ ಅಂಟಿಕೊಂಡದ್ದು ಒಂದು ಎಸೆತ ಎಂದು ಇಷ್ಟು ದಿನ ತಿಳಿದಿದ್ದೆ. ಅದನ್ನು ಹಿಡಿದುಕೊಂಡು ಜನ ಇನ್ನೇನೇನು ಅಂಟಿಸಿದ್ದಾರೆ ಎಂದು ಲೆಕ್ಕ ಹಾಕಿಯೇ ಇರಲಿಲ್ಲ. ಅಥವಾ ಹಾಕಿದ್ದೆ, ಗೊತ್ತಿಲ್ಲ.

ಕಾರಿನಲ್ಲಿ ಡೀಗೆ ಹೇಳಿಬಿಟ್ಟೆ. ಎಂಜಿನ್ ಶುರು ಮಾಡಿ, ಗೇರ್ ಹಾಕದೆ, ಗಾಜಿನ ಮಂಜು ಕರಗುವುದನ್ನು ನೋಡುತ್ತಾ ಎಲ್ಲ ಹೇಳಿದೆ. ಅವಳು ಸೀಟ್ ಬೆಲ್ಟ್ ಬಿಚ್ಚಿ ನನ್ನ ಕಡೆ ತಿರುಗಿದಳು.

"ನಾನು ಅವತ್ತು ಪಾರ್ಕಿಂಗಲ್ಲಿ ಲೂಯೆಲ್‌ಗೆ ಏನಂದೆ ಗೊತ್ತಾ?" ಎಂದಳು. ಲೂಯೆಲ್ ಓರಿನ್‌ನ ಹೆಂಡತಿ. "'ನಿನ್ನ ಗಂಡನಿಗೆ ಒಂದೇ ಒಂದು ಚೆಂಡು ನೆಟ್ಟಗೆ ಎಸೆಯೋಕಾಗಲಿಲ್ವಾ' ಅಂದೆ. ಮಗು ಎತ್ಕೊಂಡು ನಿಂತಿದ್ಲು ಅವಳು. ನಿನ್ನ ಪರವಾಗಿ ಅಂದೆ ರೂಡಿ. ನಿನಗೆ ಅನ್ಯಾಯ ಆಯ್ತು ಅಂತ."

"ನೀನು ನನಗೆ ಹೇಳಲೇ ಇಲ್ಲವಲ್ಲ."

"ನೀನು ಹೇಳಿದ್ಯಾ?"

ಗೇರ್ ಹಾಕಿ ಮನೆ ಕಡೆ ಹೊರಟೆ.

ಫೆಬ್ರವರಿ 23, ಸೋಮವಾರ

ಡೀ ಮಾತಾಡಲಿಲ್ಲ. ಊಟ ಬಡಿಸುತ್ತಾಳೆ, ಎದ್ದು ಹೋಗುತ್ತಾಳೆ.

ಫೆಬ್ರವರಿ 24, ಮಂಗಳವಾರ

ಡಾಕ್ಟರರ ಆಫೀಸಿನಿಂದ ಜುಲೈ ಆಪರೇಷನ್ ಖಾತ್ರಿ ಮಾಡಿಕೊಳ್ಳಲು ಫೋನ್ ಬಂತು. ತೆಗೆದುಕೊಂಡಿದ್ದು ಡೀ. ರದ್ದು ಮಾಡಿಬಿಟ್ಟಳು. ಆಮೇಲೆ ನಾಲ್ಕು ದಿನದಲ್ಲಿ ಮೊದಲ ಸಲ ನನ್ನ ಮುಖ ನೋಡಿದಳು.

"ಹೇಡಿತನಕ್ಕೆ ಮೊಣಕಾಲು ಕೊಯ್ಸಿಕೊಳ್ಳೋರನ್ನ ಇವತ್ತೇ ನೋಡಿದ್ದು," ಎಂದಳು. "ರಸ್ತೆ ಮೇಲಿನ ಹಿಮ ಕರಗಲಿ. ಜಾರ್ಜಿಯಾಕ್ಕೆ, ಓರಿನ್ ಮನೆಗೆ ಹೋಗೋಣ. ನೀನು ಅವನಿಗೆ ಹೇಳು, ನಾನು ಅವಳಿಗೆ ಹೇಳ್ತೀನಿ. ಫೋನಲ್ಲಿ ಅಲ್ಲ."

ಮಾರ್ಚ್ 17, ಮಂಗಳವಾರ

ಓರಿನ್‌ಗೆ ಕಾಗದ ಬರೆಯಲು ಕೂತೆ. ನಾಲ್ಕು ಹಾಳೆ ಹರಿದೆ. ಐದನೆಯದರಲ್ಲಿ "ಏಪ್ರಿಲ್ ಹನ್ನೊಂದಕ್ಕೆ ಬರುತ್ತೇವೆ" ಎಂದಷ್ಟೇ ಬರೆದು ಅಂಚೆಗೆ ಹಾಕಿದೆ.

ಏಪ್ರಿಲ್ 11, ಶನಿವಾರ

ಮೋಟೆಲಿನಲ್ಲಿ ಕೂತು ಬರೆಯುತ್ತಿದ್ದೇನೆ. ಡೀ ಸ್ನಾನಕ್ಕೆ ಹೋಗಿದ್ದಾಳೆ. ಮರೆಯುವ ಮುಂಚೆ ಸಾಧ್ಯವಾದಷ್ಟೂ ಬರೆಯಬೇಕು.

ನಾವು ಹೋದಾಗ ಓರಿನ್ ಕಾರ್ ಶೆಡ್ಡಿನಲ್ಲಿ ದೊಡ್ಡ ಫ್ರೀಜರಿನ ಮುಂದೆ ನಿಂತು ಭಾಷಣ ಅಭ್ಯಾಸ ಮಾಡುತ್ತಿದ್ದ. ಎಪ್ಪತ್ತೇಳು ವರ್ಷ, ಈಗಲೂ ಕಂಬದ ಹಾಗಿದ್ದಾನೆ. "ಇದೊಂದೇ ಮಧ್ಯೆ ಬಾಯಿ ಹಾಕದೆ ಕೇಳೋದು," ಎಂದು ಫ್ರೀಜರನ್ನು ತಟ್ಟಿದ.

ಡೀ ನೇರವಾಗಿ ಲೂಯೆಲ್ ಹತ್ತಿರ ಹೋದಳು. ಲೂಯೆಲ್ ಶಾಲೆಯಲ್ಲಿ ಪಾಠ ಮಾಡಿ ನಿವೃತ್ತಳಾದವಳು, ಬೆನ್ನು ಈಗಲೂ ನೆಟ್ಟಗೆ. ಜಗಲಿಯ ಮೆಟ್ಟಿಲ ಮೇಲೆ ಡೀ ನಿಂತಲ್ಲೇ ಹೇಳಿದ್ದು ನನಗೆ ಕೇಳಿಸಿತು. ಲೂಯೆಲ್ ಪೂರ್ತಿ ಕೇಳಿದಳು.

"ಆ ಮಾತು ನೆನಪಿದೆ," ಎಂದಳು. "ಮರೆತಿದ್ದೀನಿ ಅಂತ ಸುಳ್ಳು ಹೇಳಲ್ಲ. ಹೇಳೋಕೆ ಇಷ್ಟು ದೂರ ಬಂದ್ಯಲ್ಲ, ಅದನ್ನೂ ನೆನಪಿಟ್ಕೋತೀನಿ. ಒಳಗೆ ಬಾ. ಬೀನ್ಸ್ ಬಿಡಿಸ್ಬೇಕು, ಇಬ್ಬರಿಗಾಗೋಷ್ಟಿದೆ."

ಉಳಿದದ್ದು ನಾನು. ಓರಿನ್ ಎರಡು ಕುರ್ಚಿಗಳನ್ನು ಮರದ ನೆರಳಿಗೆ ಎಳೆದ. ನಾನು ಕೂರುವ ಮುಂಚೆಯೇ ಶುರು ಮಾಡಿದೆ, ಕೂತರೆ ಹೇಳಲಾರೆ ಎನಿಸಿತು. ಸನ್ನೆ, ಕರ್ವ್, ಗ್ಲೌಸಿನ ಅಂಚು, ಶೂ ದಾರ, ಚೆಸ್ಟರ್ ಅಂದದ್ದು, ಪತ್ರಿಕೆಯ ಹುಡುಗಿಗೆ ಮತ್ತೆ ಸುಳ್ಳು ಹೇಳಿದ್ದು, ಜುಲೈ ಆಪರೇಷನ್. ಎಲ್ಲ.

ಓರಿನ್ ತಂಪು ಟೀ ಲೋಟವನ್ನು ಮೊಣಕಾಲ ಮೇಲಿಟ್ಟುಕೊಂಡು ಕೇಳಿದ.

"ಮುಗೀತಾ?"

"ಮುಗೀತು."

"ಎಂಟನೇ ಇನ್ನಿಂಗ್ಸಲ್ಲಿ ಚೆಂಡು ನಿನ್ನ ಮಾಸ್ಕಿಗೆ ಬಡೀತಲ್ಲ, ಆಮೇಲೆ ನನ್ನ ಹತ್ರ ಬಂದು ಏನಂದೆ ಹೇಳು ನೋಡೋಣ."

ಮಾಸ್ಕಿಗೆ ಬಡಿದದ್ದು ನೆನಪಿತ್ತು. ಅವನ ಹತ್ತಿರ ಹೋದದ್ದು ನೆನಪಿರಲಿಲ್ಲ.

"'ಒಲೆ ಮೇಲೆ ಸೂಪ್ ಇದೆ, ಡೀಗೆ ಫೋನ್ ಮಾಡ್ಬೇಕು' ಅಂದೆ. ಐವತ್ತು ಸಾವಿರ ಜನ ಕೂಗ್ತಿದ್ದಾರೆ, ನೀನು ಸೂಪ್ ಅಂತೀಯ. ಕಣ್ಣು ತೇಲ್ತಿತ್ತು ಕಣೋ. ತಲೆಗೆ ಪೆಟ್ಟಾಗಿದೆ ಅಂತ ನನಗೆ ಆಗಲೇ ಗೊತ್ತಾಯ್ತು."

"ಮತ್ತೆ?"

"ಮತ್ತೇನು? ಕೈ ಎತ್ತಿದ್ರೆ ನಿನ್ನ ಹೊರಗೆ ಕಳಿಸೋರು. ಆ ಹೊಸಬ ಬಂದು ಕೂರೋನು. ಅವನಿಗೆ ಎಸೆಯೋಕೆ ನನಗೆ ಇಷ್ಟ ಇರಲಿಲ್ಲ. ಆಗಿನ್ನೂ ನಾವು ಮುಂದಿದ್ವಿ, ಇನ್ನು ಆರು ಜನರನ್ನ ಔಟ್ ಮಾಡಿದ್ರೆ ಗೆದ್ದೆ. ಅಷ್ಟರವರೆಗೆ ಗೋಡೆ ಹೇಗೋ ನಿಂತಿರ್ತಾನೆ ಅಂದ್ಕೊಂಡೆ." ಅವನು ಲೋಟವನ್ನು ಕೆಳಗಿಟ್ಟ. "ಇನ್ನೊಂದು ಪೆಟ್ಟು ಬಿದ್ದಿದ್ರೆ ನೀನು ಸತ್ತೇ ಹೋಗ್ತಿದ್ಯೋ ಏನೋ. ನನಗೆ ಪಂದ್ಯ ಬೇಕಿತ್ತು. ಅದಕ್ಕೇ ಕೈ ಜಾರಿತು ಅಂದೆ. ನಿನಗೆ ಉಪಕಾರ ಮಾಡೋಕೆ ಅಂದಿದ್ದಲ್ಲ ಅದು."

ನನಗೆ ಸಮಾಧಾನ ಆಗಬೇಕಿತ್ತು. ಆಗಲಿಲ್ಲ, ರೇಗಿಹೋಯಿತು.

"ಇದನ್ನ ನಲವತ್ತೆಂಟು ವರ್ಷ ಹೊಟ್ಟೇಲಿ ಇಟ್ಕೊಂಡಿದ್ಯಾ? ನನ್ನದೇ ತಪ್ಪು ಅಂತ ಕೊರಗಿ ಸಾಯ್ತಿದ್ದೆನಲ್ಲೋ ನಾನು!"

"ನೀನು ಇಟ್ಕೊಂಡಿದ್ದೆಷ್ಟು ವರ್ಷ? ಕ್ರಿಸ್‌ಮಸ್ ಕಾರ್ಡಲ್ಲಿ ಮೂರು ಪದ! 'ಎಲ್ಲರೂ ಕ್ಷೇಮ, ರೂಡಿ.' ನನ್ನ ಮೇಲೆ ಸಿಟ್ಟು ಇದೆ ಅಂತ ತಿಳ್ಕೊಂಡಿದ್ದೆ ನಾನು. ಮಾಸ್ಕಿನ ವಿಷಯ ನೆನಪಿದೆ, ಅದಕ್ಕೇ ಹತ್ತಿರ ಸೇರಿಸಲ್ಲ ಅಂತ!"

"ಒಂದು ಫೋನ್ ಮಾಡೋಕೇನಾಗಿತ್ತು ನಿನಗೆ?"

"ನಿನಗೇನಾಗಿತ್ತು ಮುದಿಯಾ?"

ಇಬ್ಬರೂ ನಿಂತಿದ್ದೆವು. ನನಗೆ ತಿಳಿಯದೆಯೇ ನಾನು ಬೆರಳು ತೋರಿಸುತ್ತಿದ್ದೆ. ಅಡುಗೆಮನೆಯ ಕಿಟಕಿಯಿಂದ ಡೀ ಇಣುಕಿದಳು.

"ಏನದು ಗಲಾಟೆ?"

"ಡೀ," ಎಂದು ಓರಿನ್ ಕೂಗಿದ, "ಏಳನೇ ಪಂದ್ಯದ ದಿನ ಒಲೆ ಮೇಲೆ ಸೂಪ್ ಇಟ್ಟಿದ್ಯಾ?"

"ಯಾವ ಸೂಪ್? ನಾನು ಸ್ಟೇಡಿಯಮ್ಮಲ್ಲಿ ಕೂತಿದ್ದೆನಲ್ಲ!"

ಓರಿನ್ ನನ್ನ ಮುಖ ನೋಡಿದ. ಮೊದಲು ನಕ್ಕಿದ್ದು ಅವನೋ ನಾನೋ ಗೊತ್ತಾಗಲಿಲ್ಲ. ನಗು ನಿಲ್ಲದೆ ಕುರ್ಚಿ ಹಿಡಿದುಕೊಂಡು ಕೂರಬೇಕಾಯಿತು. ಅವನ ಕಣ್ಣಲ್ಲಿ ನೀರು ಬರುತ್ತಿತ್ತು, ನನ್ನದರಲ್ಲೂ. ಅದು ಪೂರ್ತಿ ನಗುವಿನದೇ ಅಲ್ಲ.

ಊಟಕ್ಕೆ ಬೆಣ್ಣೆ ಬೀನ್ಸ್, ಹುರಿದ ಕೋಳಿ, ಜೋಳದ ಬ್ರೆಡ್. ಮೂರು ಸಲ ಹಾಕಿಸಿಕೊಂಡೆ. ಬ್ರೆಡ್ಡನ್ನು ಕಬ್ಬಿಣದ ಬಾಣಲೆಯಲ್ಲಿ ಮಾಡಬೇಕಂತೆ, ಬಾಣಲೆ ಮೊದಲೇ ಕಾದಿರಬೇಕಂತೆ, ಲೂಯೆಲ್ ಹೇಳಿದಳು. ಬರೆದುಕೊಂಡಿದ್ದೇನೆ, ಹಿಂದಿನ ಪುಟದಲ್ಲಿದೆ.

ಹೊರಡುವಾಗ ಪತ್ರಿಕೆಯವಳಿಗೆ ನಿಜ ಹೇಳುತ್ತೇನೆ ಎಂದೆ.

"ನನಗೋಸ್ಕರ ಹೇಳ್ಬೇಡ," ಎಂದ ಓರಿನ್. "ನನಗದು ಅಭ್ಯಾಸ ಆಗಿಹೋಗಿದೆ. ನಿನಗೆ ಬೇಕಿದ್ರೆ ಹೇಳು."

"ನನಗೆ ಬೇಕು," ಎಂದೆ.

ಏಪ್ರಿಲ್ 13, ಸೋಮವಾರ

ಮನೆ ಸೇರಿದೆವು. ದಾರಿಯುದ್ದಕ್ಕೂ ನಾನು ಬಾಯಿ ಮುಚ್ಚಲಿಲ್ಲವಂತೆ, ವರ್ಜೀನಿಯಾದಲ್ಲಿ ಹತ್ತು ನಿಮಿಷ ಮಲಗಬೇಕೆಂದರೂ ಬಿಡಲಿಲ್ಲವಂತೆ. ಡೀ ಉತ್ಪ್ರೇಕ್ಷೆ ಮಾಡುತ್ತಾಳೆ. ಹಾಗೇನೂ ಮಾತಾಡಲಿಲ್ಲ ನಾನು. ದಾರಿ ಬದಿಯ ಗುಲಾಬಿ ಬಣ್ಣದ ಹೂ ಮರ ಯಾವುದೆಂದು ಕೇಳಿದೆ ಅಷ್ಟೇ, ಎರಡು ಮೂರು ಸಲ.

ಮೇ 9, ಶನಿವಾರ

ಪ್ರಿಸಿಲ್ಲಾ ಡನ್‌ಗೆ ನಿನ್ನೆ ನಾನೇ ಫೋನ್ ಮಾಡಿ ಒಂದು ಗಂಟೆ ಮಾತಾಡಿದೆ. ನನ್ನ ತಪ್ಪನ್ನು ಹೇಳಿದೆ, ಡಿಸೆಂಬರಿನಲ್ಲಿ ಅವಳಿಗೆ ಸುಳ್ಳು ಹೇಳಿದ್ದನ್ನೂ ಸೇರಿಸಿ. ಓರಿನ್‌ನ ಭಾಗ ಹೇಳಲಿಲ್ಲ. ಅದು ಅವನದು.

ಪತ್ರಿಕೆಯಲ್ಲಿ ಬರುವ ಮುಂಚೆ ಚೆಸ್ಟರ್‌ಗೆ ಎದುರಿಗೇ ಹೇಳಬೇಕೆನಿಸಿತು. ಇವತ್ತು ಅವನ ಮನೆಗೆ ಹೋದೆ. ಹುಲ್ಲು ಕತ್ತರಿಸುತ್ತಿದ್ದ, ಯಂತ್ರ ಆರಿಸಿದ.

"ಆ ಚೆಂಡು ಬಿಟ್ಟಿದ್ದು ನಾನು. ಓರಿನ್ ಸರಿಯಾಗೇ ಎಸೆದಿದ್ದ."

"ಹೋಗ್ಲಿ ಬಿಡು ರೂಡಿ, ಹಳೇ ಕಥೆ."

"ಫೆಬ್ರವರೀಲಿ ನೀನು ಬಿಟ್ಟಿರ್ಲಿಲ್ಲ. ಎದೆ ಇಲ್ಲ ಅಂದೆ ಅವನಿಗೆ, ಅವನಂಥ ಯಾರಿಗೂ ಇಲ್ಲ ಅಂದೆ. ಎದೆ ಇಲ್ಲದೋನು ನಿನ್ನ ಮುಂದೆ ನಿಂತಿದ್ದೀನಿ, ನೋಡ್ಕೋ. ಇನ್ನೊಂದು ಸಲ ಅವನ ಬಗ್ಗೆ ಹಾಗೆ ಮಾತಾಡಿದ್ರೆ ನಾನು ನಿನ್ನ ಜೊತೆ ಕೂತು ಉಣ್ಣಲ್ಲ."

ಅವನ ಮುಖ ಕೆಂಪಾಯಿತು. ಮತ್ತೆ ಯಂತ್ರ ಶುರು ಮಾಡಿದ. ನಾನು ನಡೆದೇ ಮನೆಗೆ ಬಂದೆ. ಹದಿನೇಳು ಬೀದಿ. ಕಾರು ಅವನ ಮನೆ ಮುಂದೆಯೇ ಇದೆ ಎಂದು ಡೀ ಕೇಳಿದ ಮೇಲೆ ನೆನಪಾಯಿತು.

ಮೇ 12, ಮಂಗಳವಾರ

ಸುದ್ದಿ ಬಂತು. ಪ್ರಳಯ ಆಗುತ್ತದೆ ಅಂದುಕೊಂಡಿದ್ದೆ. ಹನ್ನೊಂದು ಫೋನ್ ಬಂದವು. ಇಬ್ಬರು ಬೈದರು. ಒಬ್ಬ ಮನೆಗೆ ಯಾವ ಪೇಂಟ್ ಹಾಕಿಸಲಿ ಎಂದು ಕೇಳಿದ. ನಮ್ಮ ತಂಡದ ಹಳೆಯ ಮ್ಯಾನೇಜರರ ಮಗಳು ಫೋನ್ ಮಾಡಿ, ಅಪ್ಪನಿಗೆ ಅನುಮಾನ ಇತ್ತು, ಯಾವತ್ತೂ ಬಾಯಿ ಬಿಡಲಿಲ್ಲ ಎಂದಳು. ಹಳೆಯ ದಾಖಲೆ ಬದಲಾಗುವುದಿಲ್ಲವಂತೆ. ಮಧ್ಯಾಹ್ನ ಎರಡಕ್ಕೆಲ್ಲ ಫೋನ್ ನಿಂತುಹೋಯಿತು. ಡೀ ಜೊತೆ ಟೊಮೆಟೊ ಸಸಿ ನೆಟ್ಟೆ.

ಜುಲೈ 24, ಶುಕ್ರವಾರ, ಕೂಪರ್ಸ್‌ಟೌನ್

ಸೆಖೆ. ಬೀದಿ ತುಂಬ ಜನ, ಎಲ್ಲರ ಬೆನ್ನ ಮೇಲೂ ಯಾರದೋ ಹೆಸರು. ನಮ್ಮ ತಂಡದ ಅಂಗಿ ತೊಟ್ಟ ಒಬ್ಬ ದಡಿಯ ನನ್ನನ್ನು ಗುರುತು ಹಿಡಿದು, "ಚೆಂಡು ಬಿಟ್ಟೋರು ನೀವೇ ಅಲ್ವಾ?" ಎಂದ. ಹೌದು ಎಂದೆ. ಚೆಂಡೊಂದನ್ನು ಚಾಚಿ ಸಹಿ ಕೇಳಿದ. "ಇದನ್ನಾದ್ರೂ ಬಿಡ್ಬೇಡಿ," ಎಂದ. ಸಹಿ ಹಾಕಿದೆ. ಡೀ ಅವನನ್ನು ದುರುಗುಟ್ಟಿ ನೋಡಿದಳು. ನನಗೆ ನಗು ಬಂತು.

ಓರಿನ್ ಹೋಟೆಲಿನ ಜಗಲಿಯಲ್ಲಿ ಕೆರೆ ನೋಡುತ್ತಾ ಕೂತಿದ್ದ. ಭಾಷಣದ ಕಾಗದ ಕೇಳಿದರೆ ತೋರಿಸಲಿಲ್ಲ. "ಸ್ವಲ್ಪ ಬದಲಾಯಿಸಿದ್ದೀನಿ," ಎಂದ.

ಜುಲೈ 26, ಭಾನುವಾರ

ಊರ ಹೊರಗಿನ ದೊಡ್ಡ ಹುಲ್ಲುಗಾವಲು. ವೇದಿಕೆಯ ಮೇಲೆ ಹಿಂದಿನ ವರ್ಷಗಳಲ್ಲಿ ಆಯ್ಕೆಯಾದವರು ಸಾಲಾಗಿ, ಕೆಲವರು ಊರುಗೋಲು ಹಿಡಿದು. ಒಂದು ಕಾಲದಲ್ಲಿ ಅವರಲ್ಲಿ ಏಳು ಜನರ ದೌರ್ಬಲ್ಯ ನನ್ನ ನೋಟ್‌ಬುಕ್ಕಿನಲ್ಲಿತ್ತು. ಓರಿನ್ ಎದ್ದಾಗ ಅವರೂ ಎದ್ದು ಚಪ್ಪಾಳೆ ತಟ್ಟಿದರು. ಲೂಯೆಲ್ ಡೀಯ ಕೈ ಹಿಡಿದುಕೊಂಡಿದ್ದಳು, ಅಥವಾ ಡೀ ಅವಳದನ್ನು.

ಮೊದಲು ಅಕ್ಕನ ಬಗ್ಗೆ ಹೇಳಿದ. ಅವಳ ಹೆಸರು ಒಡೆಸ್ಸಾ. ಕೋಳಿ ಆಹಾರದ ಗೋಣಿಯನ್ನು ನಾಲ್ಕು ಮಡಿಕೆ ಮಾಡಿ ಕೈಗೆ ಸುತ್ತಿಕೊಂಡು ಅವನ ಎಸೆತ ಹಿಡಿಯುತ್ತಿದ್ದಳಂತೆ. "ನನ್ನ ಮೊದಲ ಕ್ಯಾಚರ್ ಅವಳು. ಬೆರಳು ಮುರಿದಾಗಲೂ ಅಮ್ಮನಿಗೆ ಹೇಳಲಿಲ್ಲ."

ಆಮೇಲೆ ಕಾಗದ ಮಡಚಿ ಜೇಬಿಗಿಟ್ಟ. 

"ನನ್ನ ಕೊನೇ ಕ್ಯಾಚರ್ ಅಲ್ಲಿ ಕೂತಿದ್ದಾನೆ. ಅವನು ಏನು ಹೇಳಿದ ಅಂತ ನೀವು ಪತ್ರಿಕೇಲಿ ಓದಿದ್ದೀರಿ. ಅರ್ಧ ಮಾತ್ರ ಹೇಳಿದ್ದಾನೆ. ನನ್ನ ಮಾನ ಉಳಿಸೋಕೆ. ಇನ್ನರ್ಧ ನಾನು ಹೇಳ್ತೀನಿ."

ಹೇಳಿದ. ಮಾಸ್ಕಿನ ಪೆಟ್ಟು, ತೇಲುವ ಕಣ್ಣು, ಸೂಪು. ಸೂಪಿಗೆ ಹುಲ್ಲುಗಾವಲು ಪೂರ್ತಿ ನಕ್ಕಿತು. ನಗು ಮುಗಿಯುವವರೆಗೆ ಕಾದ.

"ನನಗೆ ಗೊತ್ತಿತ್ತು, ಗೊತ್ತಿದ್ದೂ ಎಸೆದೆ. ಗೆಲ್ಲಬೇಕು ಅಂತ ಗೆಳೆಯನ ತಲೆಯನ್ನ ಒತ್ತೆ ಇಟ್ಟೆ. ಇಲ್ಲಿರೋ ಪಿಚರುಗಳಿಗೆಲ್ಲ ಒಂದು ಮಾತು. ನಿಮ್ಮ ಕ್ಯಾಚರ್ ತಡವರಿಸಿದ್ರೆ ಕೈ ಎತ್ತಿ. ಪಂದ್ಯ ಹೋದ್ರೆ ಹೋಗ್ಲಿ."

 ವೇದಿಕೆಯ ಮೇಲಿದ್ದ ಹಳೆಯ ಕ್ಯಾಚರ್ ಒಬ್ಬರು ಮೊದಲು ಚಪ್ಪಾಳೆ ತಟ್ಟಿದರು. ಆಮೇಲಿನದನ್ನು ಬರೆಯಲಾರೆ. ಸದ್ದು ಎದೆಯೊಳಗೆ ಹೊಕ್ಕ ಹಾಗಿತ್ತು.

"ಮೂಗು ಒರೆಸ್ಕೋ," ಎಂದಳು ಡೀ.

ಜುಲೈ 27, ಸೋಮವಾರ

ಬೆಳಿಗ್ಗೆ ಬಾಗಿಲು ತೆರೆಯುವ ಹೊತ್ತಿಗೇ ಮ್ಯೂಸಿಯಮ್ಮಿಗೆ ಹೋದೆವು. ಕಂಚಿನ ಫಲಕಗಳ ಆ ಉದ್ದನೆಯ ಕೋಣೆ ತಂಪಾಗಿತ್ತು. ಓರಿನ್‌ನ ಫಲಕವನ್ನು ನಿನ್ನೆ ಸಂಜೆಯೇ ಗೋಡೆಗೆ ಹಾಕಿದ್ದರು. ಮುಖ ಚೆನ್ನಾಗಿ ಬಂದಿದೆ. ಕಿವಿ ಮಾತ್ರ ಸ್ವಲ್ಪ ದೊಡ್ಡದು ಎಂದಳು ಲೂಯೆಲ್, ಇಲ್ಲ ಸರಿಯಾಗೇ ಇದೆ ಎಂದಳು ಡೀ.

ಓರಿನ್ ಜೇಬು ತಡಕಿದ. ಕನ್ನಡಕ ಹೋಟೆಲಿನಲ್ಲೇ ಬಿಟ್ಟುಬಂದಿದ್ದ.

"ಏನು ಬರೆದಿದ್ದಾರೋ? ಓದು."

ಓದಿದೆ. ಹೆಸರು. ತಂಡ. ಆಡಿದ ಹತ್ತೊಂಬತ್ತು ವರ್ಷ. ಗೆದ್ದ ಇನ್ನೂರ ಮೂವತ್ತೆಂಟು ಪಂದ್ಯ. ಕೊನೆಯ ಕ್ಷಣದಲ್ಲಿ ಬಾಗುವ ಕರ್ವ್, ಅಳುಕದ ನಿಯಂತ್ರಣ, ಜೊತೆಯವರು ನಂಬಿ ನಿಲ್ಲುತ್ತಿದ್ದ ಆಟಗಾರ. ಅಷ್ಟೇ ಇತ್ತು, ಬೇರೇನೂ ಇರಲಿಲ್ಲ. ಅವನು ಕಣ್ಣು ಮುಚ್ಚಿಕೊಂಡು ಕೇಳಿಸಿಕೊಂಡ.

"ಇನ್ನೊಂದು ಸಲ," ಎಂದ.

ನಮ್ಮ ಹಿಂದೆ ಜನ ಸೇರಿದ್ದರು. ಯಾರೂ ಅವಸರ ಮಾಡಲಿಲ್ಲ. ಅವರಿಗೂ ಕೇಳಲಿ ಎಂದು ಈ ಸಲ ಗಟ್ಟಿಯಾಗಿ ಓದಿದೆ.